ಗ್ವಾಂಜುವಿನಲ್ಲಿ ಎರಡು ಲೋಟ ಗಸಗಸೆ ಪಾಯಸ

ಸಾನಮಾವು

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರವಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎದೆಗಾರರು, ಹೊಸ ಊರೆಂದರೆ ಅವರಿಗೆ ಹಬ್ಬ. ನನಗೋ ಪಕ್ಕದ ಹೊಸೂರಿನಲ್ಲಿ ಬಸ್ಸು ಬದಲಾಯಿಸಬೇಕೆಂದರೂ ನಾಲ್ಕು ಜನರನ್ನು ಕೇಳಿಯೇ ಹತ್ತಬೇಕು. ಇಂಥವಳಿಗೆ ಕೊರಿಯಾ ಸರ್ಕಾರ, ಖರ್ಚೆಲ್ಲ ನಮ್ಮದು, ಬಂದು ಮೂರು ವರ್ಷ ಓದು ಎಂದು ಪತ್ರ ಕಳಿಸಿತು. ಮೊದಲ ವರ್ಷ ಅವರ ಭಾಷೆ ಕಲಿಯಬೇಕು, ಆಮೇಲೆರಡು ವರ್ಷ ತೋಟಗಾರಿಕೆಯಲ್ಲಿ ಸ್ನಾತಕೋತ್ತರ ಪದವಿ. ಅಪ್ಪ ಮುಕ್ಕಾಲು ಎಕರೆಯಲ್ಲಿ ಗುಲಾಬಿ ಬೆಳೆಯುತ್ತಾರೆ. ಹಸಿರುಮನೆಯ ಗುಲಾಬಿಯನ್ನು ಕೊರಿಯಾದವರು ಬೆಳೆಯುವ ಬಗೆ ಬೇರೆಯೇ ಎಂದು ಓದಿ ಅರ್ಜಿ ಹಾಕಿದ್ದೆ. ಸಿಗುತ್ತದೆಂದು ಹಾಕಿದ್ದಲ್ಲ.

ಪತ್ರದ ಜೊತೆ ಷರತ್ತುಗಳ ಒಂದು ಕಟ್ಟು ಬಂತು. ನಾಲ್ಕನೇ ಪುಟದಲ್ಲಿ, ಅಲ್ಲಿಗೆ ಹೋದ ಮೇಲೆ ವೈದ್ಯಕೀಯ ಪರೀಕ್ಷೆ ಇರುತ್ತದೆ, ಕ್ಷಯವೋ ಮಾದಕ ವಸ್ತುವೋ ಕಂಡುಬಂದರೆ ವಿದ್ಯಾರ್ಥಿವೇತನ ರದ್ದು, ಬಂದ ದಾರಿಯಲ್ಲೇ ವಾಪಸ್ ಎಂದು ಬರೆದಿತ್ತು. ಕ್ಷಯದ ಮಾತು ಓದಿದ ದಿನದಿಂದ ನನಗೆ ಕೆಮ್ಮು ಶುರುವಾಯಿತು. ಮಾದಕ ವಸ್ತುವಿನ ಮಾತಿಗೆ ಮಾತ್ರ ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಕಾಫಿಗಿಂತ ದೊಡ್ಡ ಚಟ ಯಾವುದೂ ಇಲ್ಲ.

ನಮ್ಮೂರು ತಮಿಳುನಾಡಿಗೆ ಸೇರಿದ್ದರಿಂದ ಕಾಗದಪತ್ರಕ್ಕೆಂದು ಜಿಲ್ಲಾ ಕೇಂದ್ರ ಕೃಷ್ಣಗಿರಿಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಅಲ್ಲಿನ ಗುಮಾಸ್ತರೊಬ್ಬರು ಕನ್ನಡಕ ಮೇಲೆತ್ತಿ, “ಕೊರಿಯಾವಾ? ವಡಕ್ಕಾ, ತೆಕ್ಕಾಮ್ಮಾ?” ಎಂದು ತಮಿಳಿನಲ್ಲಿ ಕೇಳಿದರು. ಉತ್ತರವೋ ದಕ್ಷಿಣವೋ ಎಂದು. ದಕ್ಷಿಣ ಎಂದೆ. ಹಾಗಾದರೆ ಸರಿ ಎಂದು ಮೊಹರು ಒತ್ತಿದರು. ಉತ್ತರ ಎಂದಿದ್ದರೆ ಏನು ಮಾಡುತ್ತಿದ್ದರು ಎಂಬ ಯೋಚನೆಯಲ್ಲೇ ಊರು ಸೇರುವವರೆಗೆ ಒದ್ದಾಡಿದೆ.

ಹೊರಟ ದಿನ ಸಾನಮಾವಿನ ಕಾಡು ದಾಟುವ ಕಡೆ ವಾಹನಗಳೆಲ್ಲ ನಿಂತಿದ್ದವು. ಆನೆ. ಅಣ್ಣ ಮುನಿರಾಜ ಗಾಡಿ ಓಡಿಸುತ್ತಿದ್ದ. “ಇಂಜಿನ್ ಆಫ್ ಮಾಡ್ಲಾ, ಆರನ್ ಗೀರನ್ ಹೊಡ್ದೀಯಾ ಮತ್ತೆ,” ಎಂದು ಅಪ್ಪ ಗದರಿದರು. ಅರಣ್ಯದ ಕಾವಲುಗಾರ ಕಿಟಕಿಯ ಹತ್ತಿರ ಬಂದು ತೆಲುಗಿನಲ್ಲಿ, ಎರಡು ದಾಟಿದವು, ಇನ್ನೂ ಒಂದಿದೆ ಎಂದ. ಆ ಒಂದು ಆನೆ ರಸ್ತೆ ಪಕ್ಕ ನಿಂತು ಸಾವಕಾಶವಾಗಿ ಹಲಸಿನ ಕೊಂಬೆ ಮುರಿಯುತ್ತಿತ್ತು. ನನ್ನ ವಿಮಾನಕ್ಕೆ ಹೊತ್ತಾಗುತ್ತಿತ್ತು. ವಿಮಾನ ತಪ್ಪಿದರೆ ಸರ್ಕಾರ ಏನು ಮಾಡುತ್ತದೆಂದು ಷರತ್ತಿನ ಯಾವ ಪುಟದಲ್ಲಿದೆ ಎಂದು ನಾನು ಬ್ಯಾಗಿನಲ್ಲಿ ತಡಕಾಡುತ್ತಿದ್ದೆ.

ಅಮ್ಮ ನನ್ನ ಕೈ ಹಿಡಿದು ಪಕ್ಕಕ್ಕಿಟ್ಟಳು. ಅವಳು ಅಂಗನವಾಡಿಯಲ್ಲಿ ಅಡುಗೆಯವಳು, ಅಳುವ ಮಕ್ಕಳನ್ನು ಸುಮ್ಮನಿರಿಸುವುದು ಅವಳಿಗೆ ಅಭ್ಯಾಸ. ಸೆರಗಿನೊಳಗಿಂದ ಒಂದು ಪೊಟ್ಟಣ ತೆಗೆದು ನನ್ನ ಬ್ಯಾಗಿಗೆ ಹಾಕಿದಳು.

“ಗಸಗಸೆ. ಅಲ್ಲಿ ನಿದ್ದೆ ಬರಾಕಿಲ್ಲ ನಿಂಗೆ, ಗೊತ್ತು ನಂಗೆ. ಪಾಯ್ಸ ಮಾಡ್ಕೊಂಡು ಕುಡಿ. ನಿನ್ ಕೈಯಾಗೆ ಆಗ್ದಿದ್ರೆ ಹಾಲ್ಗಾದ್ರೂ ಅರ್ದು ಹಾಕ್ಕೊ.”

ನಮ್ಮ ಮನೆಯಲ್ಲಿ ಯಾರಿಗೆ ನಿದ್ದೆ ಕೆಟ್ಟರೂ ಇದೇ ಮದ್ದು. ಹತ್ತನೇ ತರಗತಿಯ ಪರೀಕ್ಷೆಗೂ ಇದನ್ನೇ ಕುಡಿದು ಮಲಗಿದ್ದೆ, ಕಂಪನಿಯ ಇಂಟರ್‌ವ್ಯೂ ಹಿಂದಿನ ರಾತ್ರಿ ಅಣ್ಣನೂ ಇದನ್ನೇ ಕುಡಿದಿದ್ದ.

ಇಂಚಾನ್

ಇಂಚಾನ್ ವಿಮಾನ ನಿಲ್ದಾಣದ ನೆಲ ನಮ್ಮ ಮನೆಯ ತಟ್ಟೆಗಳಿಗಿಂತ ಚೊಕ್ಕಟವಾಗಿತ್ತು. ಸಾಮಾನು ತೆಗೆದುಕೊಳ್ಳುವಲ್ಲಿ ಒಂದು ಪುಟ್ಟ ನಾಯಿ, ಕೋಟು ಹಾಕಿಕೊಂಡು, ತನ್ನ ಯಜಮಾನಿಯ ಜೊತೆ ಓಡಾಡುತ್ತಿತ್ತು. ಅಷ್ಟು ಜನರನ್ನು ಬಿಟ್ಟು ನೇರ ನನ್ನ ಬ್ಯಾಗಿನ ಹತ್ತಿರ ಬಂದು ಕೂತಿತು. ಕೂತರೆ ಏನೋ ಸಿಕ್ಕಿದೆ ಎಂದರ್ಥವಂತೆ. ನಾನು ಬ್ಯಾಗಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ಯಜಮಾನಿ ಕೈಗವಸು ಹಾಕಿಕೊಂಡು ಬ್ಯಾಗಿನ ಪಕ್ಕದ ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದಳು. ದೃಷ್ಟಿ ತಾಕದಿರಲೆಂದು ದೇವಸ್ಥಾನದಿಂದ ತಂದು ಅಮ್ಮ ನನಗೆ ತಿಳಿಯದಂತೆ ಇಟ್ಟದ್ದು, ಮೇಲೆ ಕುಂಕುಮ ಬೇರೆ. ಹಣ್ಣು ತರುವ ಹಾಗಿಲ್ಲ ಎಂದು ಬಹಳ ಮರ್ಯಾದೆಯಿಂದ, ಎರಡೂ ಕೈಯಲ್ಲಿ ಹಿಡಿದು, ಕಸದ ಡಬ್ಬಕ್ಕೆ ಹಾಕಿದಳು. ನನಗೆ ತಲೆ ಬಗ್ಗಿಸಿ ನಮಸ್ಕರಿಸಿದಳು. ನಾನೂ ಬಗ್ಗಿದೆ, ನಾಯಿಗೂ ಬಗ್ಗಿದೆ. ಗಸಗಸೆಯ ಪೊಟ್ಟಣದ ಕಡೆ ಅವರು ನೋಡಲಿಲ್ಲ. ನಾನೂ ಅದರ ಬಗ್ಗೆ ಯೋಚಿಸಲಿಲ್ಲ.

ಗ್ವಾಂಜು, ಮೊದಲ ವಾರ

ಭಾಷೆ ಕಲಿಯಲು ನನ್ನನ್ನು ಹಾಕಿದ್ದು ದಕ್ಷಿಣದ ಗ್ವಾಂಜು ನಗರದಲ್ಲಿ. ಎದುರಾದವರು ಊಟ ಆಯಿತಾ ಎನ್ನುತ್ತಾರೆ, ನಮ್ಮೂರಿನ ಹಾಗೆಯೇ, ಉತ್ತರಕ್ಕೆ ಕಾಯುವುದಿಲ್ಲ. ಪರಿಚಯವಾದ ಎರಡನೇ ಮಾತಿಗೆ ವಯಸ್ಸು ಕೇಳುತ್ತಾರೆ. ಒಂದು ವರ್ಷ ಹಿರಿಯಳಾದರೂ ಅಕ್ಕ, ಅಕ್ಕನೆಂದೇ ಕರೆಯಬೇಕು. ಸ್ಟೀಲ್ ಲೋಟದಲ್ಲಿ ನೀರು, ಸ್ಟೀಲ್ ಬಟ್ಟಲಿನಲ್ಲಿ ಅನ್ನ. ಇದೆಲ್ಲ ನೋಡಿ ಸ್ವಲ್ಪ ಸಮಾಧಾನವಾಯಿತು. ಆದರೆ ಕಸವನ್ನು ಆರು ಬಗೆಯಾಗಿ ವಿಂಗಡಿಸಬೇಕು. ಮೊಟ್ಟೆಯ ಸಿಪ್ಪೆ ಊಟದ ಕಸವಲ್ಲವಂತೆ. ಅದು ತಿಳಿಯದೆ ಹಾಕಿ, ಯಾರಾದರೂ ಬಂದು ಹಿಡಿಯುತ್ತಾರೆಂದು ಎರಡು ದಿನ ಬಾಗಿಲಿನ ಸದ್ದಿಗೆಲ್ಲ ಬೆಚ್ಚಿದೆ.

ಕೋಣೆಯಲ್ಲಿ ನನ್ನ ಜೊತೆಗಾತಿ ನಿಗೋರಾ, ಉಜ್ಬೇಕಿಸ್ತಾನದವಳು. ನೀರಾವರಿ ಓದಲು ಬಂದಿದ್ದಳು, ಅವಳದ್ದೂ ಇದೇ ವಿದ್ಯಾರ್ಥಿವೇತನ. ಮೂರು ವರ್ಷ ಸತತವಾಗಿ ಅರ್ಜಿ ಹಾಕಿ, ಮೂರು ಸಲವೂ ಇಲ್ಲವೆನಿಸಿಕೊಂಡು, ನಾಲ್ಕನೇ ಸಲ ಗಿಟ್ಟಿಸಿದವಳು. ಇನ್ನೊಂದು ಸಲ ಹಾಕಲು ಅವಳ ವಯಸ್ಸು ಮೀರಿಹೋಗುತ್ತಿತ್ತು. ಇಬ್ಬರದ್ದೂ ಮುರುಕು ಇಂಗ್ಲಿಷ್. ನಾನು ಎರಡು ವರ್ಷ ಚಿಕ್ಕವಳೆಂದು ತಿಳಿದದ್ದೇ ತಡ, ಕಿಟಕಿ ಪಕ್ಕದ ಹಾಸಿಗೆ ನನಗೆ ಬಿಟ್ಟುಕೊಟ್ಟಳು.

ಅಮ್ಮ ಹೇಳಿದಂತೆಯೇ ಆಯಿತು. ನಿದ್ದೆ ಹತ್ತಿರ ಸುಳಿಯಲಿಲ್ಲ. ವೈದ್ಯಕೀಯ ಪರೀಕ್ಷೆ ಬರುವ ಬುಧವಾರ ಎಂದು ಗೋಡೆಗೆ ಚೀಟಿ ಅಂಟಿಸಿದ್ದರು, ಓಡಾಡುವಾಗೆಲ್ಲ ಅದನ್ನು ಓದಿ ಕೆಮ್ಮುತ್ತಿದ್ದೆ. ನಾಲ್ಕು ದಿನ ತಾಳಿ, ಸೋಮವಾರ ಸಂಜೆ ಪೊಟ್ಟಣ ಬಿಚ್ಚಿದೆ. ಕೆಳಗಿನ ಸಾಮೂಹಿಕ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಕಲ್ಲು ಒಂದಿತ್ತು. ಗಸಗಸೆ, ಅಕ್ಕಿ ಹುರಿದು ಅದರಲ್ಲೇ ಕುಟ್ಟಿ ಅರೆದೆ. ಬೆಲ್ಲವಿಲ್ಲದೆ ಕಂದು ಸಕ್ಕರೆ, ಕಾಯಿ ಇಲ್ಲದೆ ಡಬ್ಬಿಯ ತೆಂಗಿನ ಹಾಲು. ಪಾಯಸಕ್ಕೆ ಬೆಳ್ಳುಳ್ಳಿಯ ವಾಸನೆ ಹತ್ತಿತ್ತು. ಆದರೂ ಕುಡಿದು ಮಲಗಿದವಳಿಗೆ ಬೆಳಗಿನವರೆಗೆ ಎಚ್ಚರವಿಲ್ಲ. ಮಾರನೆಯ ಸಂಜೆ ಇನ್ನೂ ಗಟ್ಟಿಯಾಗಿ, ಹೆಚ್ಚಾಗಿ ಮಾಡಿದೆ. ಒಬ್ಬಳೇ ಕುಡಿಯುವುದು ಹೇಗೆ? ನಿಗೋರಾಗೂ ಒಂದು ಲೋಟ ಕೊಟ್ಟೆ.

ಅವಳು ಕುಡಿದು, ಚೆನ್ನಾಗಿದೆ, ಸಾಕು ಎಂದಳು. ನಮ್ಮಲ್ಲಿ ಸಾಕು ಎನ್ನುವುದು ದಾಕ್ಷಿಣ್ಯಕ್ಕೆ. ಒಂದೇ ಸಲ ಬಡಿಸಿ ಸುಮ್ಮನಾದರೆ ಬಡಿಸಿದವರಿಗೆ ಅವಮಾನ. ಅವಳು ಅಂಗೈಯಿಂದ ಲೋಟ ಮುಚ್ಚಿಕೊಂಡಳು. ನಾನು ನಗುತ್ತಾ ಆ ಕೈ ಸರಿಸಿ ಎರಡನೇ ಲೋಟ ಸುರಿದೆ.

ಆಸ್ಪತ್ರೆ

ಬುಧವಾರ ನಮ್ಮನ್ನೆಲ್ಲ ಬಸ್ಸಿನಲ್ಲಿ ಕರೆದೊಯ್ದರು. ಆಸ್ಪತ್ರೆಯಲ್ಲಿ ಯಾರೂ ಕೂಗಾಡುವುದಿಲ್ಲ, ಯಾರೂ ಯಾರನ್ನೂ ತಳ್ಳುವುದಿಲ್ಲ. ನೆಲದ ಮೇಲೆ ಬಣ್ಣದ ಗೆರೆ, ಹಳದಿ ಗೆರೆ ಹಿಡಿದರೆ ಎಕ್ಸ್‌ರೇ, ನೀಲಿ ಹಿಡಿದರೆ ರಕ್ತ. ಒಂದು ಕಡೆ ಮೂತ್ರದ ಮಾದರಿಗೆಂದು ಸಣ್ಣ ಕಪ್ಪು ಕೊಟ್ಟು ಶೌಚಾಲಯಕ್ಕೆ ಕಳಿಸಿದರು. ಯಾವುದಾದರೂ ಔಷಧಿ ಸೇವಿಸುತ್ತಿದ್ದೀರಾ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದೆ. ಕ್ಷಯದ ಭಯಕ್ಕೆ ಎಕ್ಸ್‌ರೇ ಮುಂದೆ ಉಸಿರು ಹಿಡಿಯೆಂದಾಗ ಇನ್ನು ಬಿಡು ಎಂದರೂ ಬಿಡದೆ ಹಿಡಿದುಕೊಂಡು ನಿಂತಿದ್ದೆ. ನರ್ಸು ಮೆಲ್ಲಗೆ ಬಂದು ನನ್ನ ಬೆನ್ನು ತಟ್ಟಿದಳು. ಕಪ್ಪಿನ ಬಗ್ಗೆ ನನಗೆ ಒಂದಿಷ್ಟೂ ಚಿಂತೆ ಇರಲಿಲ್ಲ.

ಪಾರ್ಕ್ ಮೇಡಂ ಕೋಣೆ

ವಿದೇಶಿ ವಿದ್ಯಾರ್ಥಿಗಳ ಮೇಲ್ವಿಚಾರಣೆ ಪಾರ್ಕ್ ಮೇಡಂ ಅವರದು. ಮುಂದಿನ ಸೋಮವಾರ ನನ್ನನ್ನು, ನಿಗೋರಾಳನ್ನು ಮಾತ್ರ ಕರೆಸಿದರು. ಯಾವಾಗಲೂ ಬಾಗಿಲು ತೆರೆದಿಡುವವರು ಅಂದು ತಾವೇ ಎದ್ದು ಮುಚ್ಚಿದರು.

“ಒಂದು ಪರೀಕ್ಷೆಯಲ್ಲಿ ತೊಂದರೆ ಕಂಡಿದೆ. ಇಬ್ಬರಿಗೂ ಒಂದೇ ತೊಂದರೆ,” ಎಂದರು. “ಮೊದಲ ಮಾದರಿಗಳನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನೀವು ಇಂದು ಮತ್ತೆ ಮಾದರಿ ಕೊಡಬೇಕು. ಉತ್ತರ ಬರುವವರೆಗೆ ನಿಮ್ಮ ನೋಂದಣಿ ತಡೆದಿದ್ದೇವೆ. ಊರು ಬಿಟ್ಟು ಹೋಗಬೇಡಿ.”

“ಉತ್ತರ ಕೆಟ್ಟದಾಗಿ ಬಂದರೆ?” ಎಂದು ನಿಗೋರಾ ಕೇಳಿದಳು.

“ನಿಯಮ ನೀವು ಓದಿದ್ದೀರಿ,” ಎಂದರು ಪಾರ್ಕ್ ಮೇಡಂ.

ಕೊಟ್ಟ ಹಾಳೆ ಕೊರಿಯನ್ ಭಾಷೆಯಲ್ಲಿತ್ತು. ಹೊರಗೆ ಬಂದು ಫೋನನ್ನು ಅದರ ಮೇಲೆ ಹಿಡಿದೆ. ಅಕ್ಷರಗಳು ಕನ್ನಡಕ್ಕೆ ತಿರುಗಿ, ನಡುವೆ ಒಂದು ಪದ ನಿಂತಿತು. ಅಫೀಮು.

ಅದನ್ನು ಓದಿದೊಡನೆ ನನಗೆ ಗೊತ್ತಾಯಿತು. ಗೊತ್ತಾಗದಿರಲು ದಾರಿಯೇ ಇರಲಿಲ್ಲ. ಗಸಗಸೆ ಯಾವ ಗಿಡದ ಬೀಜ, ಅದೇ ಗಿಡದ ಕಾಯಿಯ ಹಾಲಿನಿಂದ ಏನು ತೆಗೆಯುತ್ತಾರೆ ಎಂದು ಪದವಿ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಆ ಗಿಡ ಪುಸ್ತಕದಲ್ಲಿತ್ತು, ಗಸಗಸೆ ಅಮ್ಮನ ಡಬ್ಬಿಯಲ್ಲಿತ್ತು. ಎರಡನ್ನೂ ಒಂದು ದಿನವೂ ಸೇರಿಸಿ ನೋಡಿರಲಿಲ್ಲ. ಎಂಥ ದಡ್ಡತನ ಎಂದು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಒಂದು ದಿನ

ಮತ್ತೆ ಮಾದರಿ ಕೊಟ್ಟು ಕೋಣೆಗೆ ಬಂದ ನಿಗೋರಾ ತನ್ನ ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದಳು. ಗಂಟಲು ನೋವಿಗೆಂದು ಅವಳ ತಾಯಿ ಕೊಟ್ಟಿದ್ದ ಮಾತ್ರೆಗಳಿದ್ದವು. ಇಂಥ ಮಾತ್ರೆಗಳಲ್ಲಿ ಅಫೀಮಿನ ಅಂಶ ಇರುವುದುಂಟು, ಇದೇ ಇರಬೇಕು ಎಂದಳು. ಬರುವ ಮುಂಚೆ ಎರಡು ನುಂಗಿದ್ದಳಂತೆ. ನಿನಗೂ ಒಂದು ಕೊಟ್ಟಿದ್ದೆನಲ್ಲ, ಕ್ಷಮಿಸು, ನಿನ್ನನ್ನೂ ಹಾಳುಮಾಡಿಬಿಟ್ಟೆ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಬಂದ ಮೊದಲ ದಿನ ಕೆಮ್ಮುತ್ತಿದ್ದ ನನಗೆ ಒಂದು ಮಾತ್ರೆ ಕೊಟ್ಟದ್ದು ನಿಜ.

ಹೇಳಬೇಕಿತ್ತು. ನಾಲಿಗೆ ತುದಿಯವರೆಗೆ ಬಂತು. ಆದರೆ ಪೊಟ್ಟಣ ಇನ್ನೂ ಅರ್ಧ ನನ್ನ ಬೀರುವಿನಲ್ಲಿತ್ತು. ಗಸಗಸೆ ಇಟ್ಟುಕೊಂಡವರನ್ನು ಹಿಡಿದು ಒಳಗೆ ಹಾಕುವ ದೇಶಗಳಿವೆ ಎಂದು ಅಷ್ಟರಲ್ಲಿ ಫೋನಿನಲ್ಲಿ ಓದಿಕೊಂಡಿದ್ದೆ. ಈ ದೇಶದ ಕಾನೂನು ಏನೆಂದು ಓದಲು ಧೈರ್ಯ ಬರಲಿಲ್ಲ. ತಂದವಳು ನಾನು, ಮಾಡಿದವಳು ನಾನು, ಇನ್ನೊಬ್ಬಳಿಗೆ ಕುಡಿಸಿದವಳೂ ನಾನು. ಬಾಯಿಬಿಟ್ಟರೆ ಅವಳಾದರೂ ಉಳಿಯಬಹುದು, ನಾನು ಮಾತ್ರ ಖಂಡಿತ ಹೋದೆ. ಸುಮ್ಮನಿದ್ದರೆ ಹೊಸ ಮಾದರಿಯಲ್ಲಿ ಏನೂ ಸಿಗದೆ ಇಬ್ಬರೂ ಉಳಿದರೂ ಉಳಿಯಬಹುದು. ಹೀಗೆ ಲೆಕ್ಕ ಹಾಕುತ್ತಾ ಕೂತೆ.

ನಿಗೋರಾ ತಾಯಿಗೆ ಫೋನ್ ಮಾಡಿದಳು. ಮಾತು ತಿಳಿಯದಿದ್ದರೂ ಜಗಳ ತಿಳಿಯುತ್ತದೆ. ಇವಳು ಕೂಗುತ್ತಿದ್ದಳು, ಆ ಕಡೆಯ ಹೆಂಗಸು ಅಳುತ್ತಾ ಅದೇ ಒಂದು ಮಾತನ್ನು ಹೇಳುತ್ತಿದ್ದಳು. ನಾನು ಬಟ್ಟೆ ಒಗೆಯುವ ನೆಪ ಮಾಡಿ ಹೊರಗೆ ಹೋದೆ. ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ಹಾಡು ಹೇಳುವವರೆಗೆ ಅದರ ಮುಂದೆಯೇ ನಿಂತಿದ್ದೆ.

ಮಾರನೆಯ ಮಧ್ಯಾಹ್ನ ಮನೆಗೆ ವಿಡಿಯೊ ಕಾಲ್ ಮಾಡಿದೆ. ಅಲ್ಲಿ ಆಗಿನ್ನೂ ಬೆಳಿಗ್ಗೆ, ಅಪ್ಪ ಹೂವಿನ ಮಂಡಿಯಿಂದ ಬಂದು ತಿಂಡಿಗೆ ಕೂತಿದ್ದರು.

“ಯಾಕೆ ಮೊಖ ಹಿಂಗೈತೆ? ಜ್ವರಾನಾ?” ಎಂದಳು ಅಮ್ಮ.

ಎಲ್ಲ ಹೇಳಿದೆ. ಅಮ್ಮ ಬಾಯಿಗೆ ಸೆರಗು ಹಚ್ಚಿಕೊಂಡಳು.

ಅಪ್ಪ ತಟ್ಟೆ ಪಕ್ಕಕ್ಕಿಟ್ಟು, “ಇನ್ನಾ ಎಷ್ಟೈತೆ ಪೊಟ್ಲದಾಗೆ?” ಎಂದು ಕೇಳಿದರು.

“ಅರ್ಧ ಐತಪ್ಪ.”

“ನೀರ್ಗೆ ಬಿಟ್ಬುಡು. ಯಾರ್ ಕೇಳುದ್ರೂ ಗೊತ್ತಿಲ್ಲ ಅನ್ನು. ಎಲ್ಡನೇ ಟೆಸ್ಟ್‌ನಾಗೆ ಏನೂ ಬರಾಕಿಲ್ಲ. ಇಷ್ಟ್ ಕಷ್ಟಪಟ್ಟು ಹೋಗಿದ್ದೀಯ, ಒಂದ್ ಪಾಯ್ಸುಕ್ಕೋಸ್ಕರ ವಾಪಸ್ ಬತ್ತೀಯಾ?”

ನನಗೂ ಬೇಕಿದ್ದದ್ದು ಇದೇ ಮಾತು. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡಳು.

“ಆ ಹುಡ್ಗೀಗೆ ಗೊತ್ತಾ?”

“ಇಲ್ಲಮ್ಮ.”

“ಏನ್ ಮಾಡ್ತಾವ್ಳೆ ಅವ್ಳು?”

“ಅವ್ರಮ್ಮ ಕೊಟ್ಟ ಮಾತ್ರೆಯಿಂದ್ಲೇ ಆಯ್ತು ಅಂದ್ಕೊಂಡವ್ಳೆ. ಅವ್ರಮ್ಮನ್ನ ಬಯ್ದ್ಲು.”

ಅಮ್ಮ ಫೋನನ್ನು ಮುಖದ ಹತ್ತಿರ ತಂದಳು. “ಬಡ್ಸ್ದೋಳು ನೀನು. ಕೊಟ್ಟೋಳು ನಾನು. ಆ ಮಗೀನ ತಾಯಿ ಯಾಕೆ ಬಯ್ಸ್ಕೋಬೇಕು?” ಎಂದಳು. “ಹೋಗಿ ಹೇಳು ಸವೀ. ಕಳ್ಸುದ್ರೆ ಬಾ. ನಾವೇನು ನಿನ್ನ ಆಚೆ ನಿಲ್ಸಾಕಿಲ್ಲ. ಬೇಕಾದ್ರೆ ನಮ್ಮಮ್ಮನೇ ಕೊಟ್ಟಿದ್ದು ಅಂತ ಬರ್ದುಕೊಡು.”

ಬರೆದುಕೊಟ್ಟದ್ದು

ನಿಗೋರಾಗೆ ಹೇಳುವಾಗ ನಾನು ಅವಳ ಮುಖ ನೋಡಲಿಲ್ಲ. ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಗೋಡೆ ನೋಡುತ್ತಾ ಹೇಳಿದೆ. ಅವಳು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನೋಡಿದಳು. ಅವರೂ ಇದನ್ನು ಬ್ರೆಡ್ಡಿನ ಮೇಲೆ ಉದುರಿಸುತ್ತಾರಂತೆ, ಆದರೆ ಅದು ಕಪ್ಪು ಬಣ್ಣದ್ದು. ಅರೆದ ಬಿಳಿ ಗಸಗಸೆ ಅವಳಿಗೆ ಗುರುತು ಸಿಕ್ಕಿರಲಿಲ್ಲ.

“ನಿನಗೆ ಯಾವಾಗ ಗೊತ್ತಾಯಿತು?”

“ನಿನ್ನೆ. ಆ ಹಾಳೆ ಓದಿದಾಗ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಫೋನ್ ತೆಗೆದುಕೊಂಡು ಹೊರಗೆ ಹೋದಳು. ತಾಯಿಯ ಜೊತೆ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ವಾಪಸ್ ಬಂದು ಚಪ್ಪಲಿ ಮೆಟ್ಟಿಕೊಂಡು ನಡಿ ಎಂದಳು. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಪಾರ್ಕ್ ಮೇಡಂ ಪೊಟ್ಟಣವನ್ನು ಮುಟ್ಟಲಿಲ್ಲ. ಯಾರಿಗೋ ಫೋನ್ ಮಾಡಿದರು. ಇನ್ನೊಬ್ಬರು ಬಂದು ಅದನ್ನು ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ನನ್ನ ಸಹಿ ತೆಗೆದುಕೊಂಡು ಹೋದರು. ನಮ್ಮನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಡೆದದ್ದನ್ನೆಲ್ಲ ಬರೆಯಿರಿ ಎಂದರು. ನಾನು ಮೂರು ಹಾಳೆ ಬರೆದೆ. ಅಮ್ಮನ ಹೆಸರು ಬರೆಯಲಿಲ್ಲ, ಮನೆಯಿಂದ ತಂದಿದ್ದೆ ಎಂದಷ್ಟೇ ಬರೆದೆ. ನಿಗೋರಾಗೆ ಅದು ಏನೆಂದು ತಿಳಿದಿರಲಿಲ್ಲ, ಅವಳು ಸಾಕೆಂದಳು, ನಾನೇ ಕೈ ಸರಿಸಿ ಸುರಿದೆ ಎಂದು ಬರೆದೆ. ಬರೆಯುತ್ತಾ ಅಕ್ಷರ ಕೆಟ್ಟು, ಮತ್ತೆ ಹೊಸ ಹಾಳೆ ಕೇಳಿದೆ.

ಒಂಬತ್ತು ದಿನ

ಒಂಬತ್ತು ದಿನ ಕಾದೆವು. ತರಗತಿಗೆ ಕೂರಲು ಬಿಟ್ಟಿದ್ದರು, ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿರಲಿಲ್ಲ. ಶಿಕ್ಷಕಿ ಎಲ್ಲರ ಹೆಸರು ಕೂಗಿ ಪುಸ್ತಕ ಮುಚ್ಚಿದಾಗ ನಾವಿಬ್ಬರೂ ತಲೆ ಬಗ್ಗಿಸಿಕೊಳ್ಳುತ್ತಿದ್ದೆವು. ನನಗೆ ಅನ್ನ ಇಳಿಯುತ್ತಿರಲಿಲ್ಲ. ನಿಗೋರಾ ಮಾತ್ರ ಬಟ್ಟಲು ಖಾಲಿ ಮಾಡಿ, ತೊಳೆದು, ಓದಲು ಕೂರುತ್ತಿದ್ದಳು. ಒಂದೇ ಕೋಣೆಯಲ್ಲಿ ಇಬ್ಬರು ಮಾತಿಲ್ಲದೆ ಬದುಕುವುದು ಎಷ್ಟು ಕಷ್ಟ ಎಂದು ಆಗಲೇ ತಿಳಿದದ್ದು. ಬೀರುವಿನ ಬಾಗಿಲನ್ನು ಕೂಡ ಸದ್ದಾಗದಂತೆ ಹಾಕುತ್ತಿದ್ದೆ. ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿ, ತೆಗೆದು, ಮತ್ತೆ ತುಂಬಿದೆ. ಊರಿಗೆ ಹೋದರೆ ಕೃಷ್ಣಗಿರಿಯ ಆ ಗುಮಾಸ್ತರು ಎದುರಾಗದಿರಲಿ ಎಂದು ಬೇಡಿಕೊಂಡೆ.

ಹತ್ತನೆಯ ದಿನ ಪಾರ್ಕ್ ಮೇಡಂ ಮತ್ತೆ ಕರೆಸಿ ಬಾಗಿಲು ಮುಚ್ಚಿದರು. ಮೇಜಿನ ಮೇಲೆ ನಾವು ಬರೆದುಕೊಟ್ಟ ಹಾಳೆಗಳಿದ್ದವು, ನನ್ನದು ಮೂರು, ಅವಳದ್ದು ಒಂದು.

“ಸವಿತಾ ಬರೆದಿದ್ದಾಳೆ, ನಿಗೋರಾ ಸಾಕೆಂದಳು, ನಾನೇ ಒತ್ತಾಯ ಮಾಡಿದೆ ಎಂದು. ನಿಗೋರಾ ಬರೆದಿದ್ದಾಳೆ, ಆ ಬೀಜ ನಮ್ಮ ದೇಶದಲ್ಲೂ ಇದೆ, ಏನೆಂದು ತಿಳಿದೇ ಕುಡಿದೆ, ಎರಡನೇ ಲೋಟ ನಾನೇ ಕೇಳಿ ಹಾಕಿಸಿಕೊಂಡೆ ಎಂದು.” ಅವರು ನಮ್ಮಿಬ್ಬರ ಮುಖವನ್ನೂ ನೋಡಿದರು. “ಇಬ್ಬರಲ್ಲಿ ಒಬ್ಬರು ಸುಳ್ಳು ಬರೆದಿದ್ದೀರಿ.”

“ನನ್ನದೇ ನಿಜ,” ಎಂದೆ.

“ನನ್ನದು ನಿಜ,” ಎಂದಳು ನಿಗೋರಾ, ನನ್ನ ಕಡೆ ತಿರುಗದೆ.

ಪಾರ್ಕ್ ಮೇಡಂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಡತಕ್ಕೆ ಸೇರಿಸಿದರು. ಪ್ರಯೋಗಾಲಯದ ವರದಿ ಬಂದಿದೆ, ಆಹಾರದಿಂದ ಆದದ್ದೆಂದು ಒಪ್ಪಿದ್ದಾರೆ, ಹೊಸ ಮಾದರಿ ಶುದ್ಧವಾಗಿದೆ, ಇಬ್ಬರೂ ಓದಬಹುದು ಎಂದರು. ನನಗೆ ಲಿಖಿತ ಎಚ್ಚರಿಕೆ, ಆ ಬೀಜ ವಾಪಸ್ ಕೊಡುವುದಿಲ್ಲ. ನಾನು ಕೂತಲ್ಲೇ ಅತ್ತುಬಿಟ್ಟೆ. ಅವರು ಕಾಗದದ ಕರವಸ್ತ್ರದ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟರು.

ಮೆಟ್ಟಿಲು ಇಳಿಯುವಾಗ ನಿಗೋರಾ ಮುಂದೆ, ನಾನು ಹಿಂದೆ. ಯಾಕೆ ಹಾಗೆ ಬರೆದೆ ಎಂದು ಕೇಳಿದೆ. ಅವಳು ಕೆಳಗಿನ ಮೆಟ್ಟಿಲಿನಲ್ಲಿ ನಿಂತು ತಿರುಗಿದಳು.

“ಕುಡಿಸಿದ್ದಕ್ಕೆ ನಿನ್ನನ್ನು ಕಳಿಸುವುದು ಬೇಡವೆನ್ನಿಸಿತು. ನನಗೆ ಕೋಪ ಇರುವುದು ಅದಕ್ಕಲ್ಲ. ನೀನು ಒಂದು ದಿನ ಸುಮ್ಮನಿದ್ದೆ, ನಾನು ನನ್ನ ತಾಯಿಯನ್ನು ಬಯ್ಯುವಾಗಲೂ. ಅದೊಂದನ್ನು ನಾನು ಬರೆಯಲಿಲ್ಲ.”

ನಾನೂ ಬರೆದಿರಲಿಲ್ಲ.